ಕಾಸಿಮಿರಾ ಮತ್ತು ಸೂರಿನ ಮೇಲಿನ ಹಾವು

ಬೆಳಿಗ್ಗೆ ಆರಕ್ಕೆ ಕಾಸಿಮಿರಾ ತಿಕೋನಾ ದೀಪದ ಕೋಣೆಯ ಕಿಟಕಿ ತೆರೆಯುವ ಹೊತ್ತಿಗೆ ಹೊರಗೆ ಗಂಡಸರು ಚಳಿಗೆ ಕೈ ಉಜ್ಜಿಕೊಳ್ಳುತ್ತ ಸಾಲಾಗಿ ನಿಂತಿರುತ್ತಿದ್ದರು. ಒಬ್ಬೊಬ್ಬನೂ ತನ್ನ ಹೆಸರು ಕೊರೆದ ತಗಡಿನ ಬಿಲ್ಲೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ತಲೆದೀಪವನ್ನೂ ಸೊಂಟಕ್ಕೆ ಕಟ್ಟುವ ಬ್ಯಾಟರಿಯನ್ನೂ ತೆಗೆದುಕೊಂಡು ಒರುರೊ ಸೀಮೆಯ ಆ ತವರದ ಗಣಿಯ ಬಾಯಿಯೊಳಗೆ ನಡೆಯುತ್ತಿದ್ದ. ಸಂಜೆ ದೀಪ ಹಿಂದಕ್ಕೆ ಬರುತ್ತಿತ್ತು, ಬಿಲ್ಲೆ ಮೊಳೆಯಿಂದ ಇಳಿಯುತ್ತಿತ್ತು. ಮೊಳೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಆ ಮನುಷ್ಯ ಇನ್ನೂ ಬೆಟ್ಟದ ಹೊಟ್ಟೆಯಲ್ಲಿದ್ದಾನೆ ಎಂದರ್ಥ. ಹಾಗೆ ನಲವತ್ತಮೂರು ಮೊಳೆ, ನಲವತ್ತಮೂರು ದೀಪ.

ಹದಿನಾಲ್ಕು ವರ್ಷದ ಹಿಂದೆ ಒಂದು ಬಿಲ್ಲೆ ಸಂಜೆಯಾದರೂ ಮೊಳೆಯಲ್ಲೇ ತೂಗಾಡುತ್ತಿತ್ತು. ಅದು ಅವಳ ಗಂಡ ಫರ್ಮಿನನದು. ಸೂರಿನಿಂದ ಕಳಚಿ ಬಿದ್ದ ಬಂಡೆಯ ಕೆಳಗೆ ಅವನು ಸಿಕ್ಕಿಕೊಂಡಿದ್ದ. ಗಂಡನನ್ನು ಗಣಿಗೆ ಕೊಟ್ಟ ಹೆಂಗಸಿಗೆ ಆ ಬೆಟ್ಟದಲ್ಲಿ ಸಿಗುತ್ತಿದ್ದ ಕೆಲಸ ಎರಡೇ. ಒಂದು, ಗುಡ್ಡೆಯ ಮೇಲೆ ಕೂತು ಸುತ್ತಿಗೆಯಲ್ಲಿ ಅದಿರು ಒಡೆಯುವುದು. ಇನ್ನೊಂದು, ದೀಪ ನೋಡಿಕೊಳ್ಳುವುದು. ಕಾಸಿಮಿರಾಳಿಗೆ ದೀಪ ಬಂತು. ಬಿಲ್ಲೆಯನ್ನೂ ಅವಳ ಕೈಗೇ ಕೊಟ್ಟರು. ಅದನ್ನು ಅವಳು ದೇವಮಾತೆಯ ಚಿತ್ರದ ಹಿಂದೆ ಇಟ್ಟುಕೊಂಡಳು.

ಶಾಲೆ ಅವಳಿಗೆ ಮೂರನೇ ತರಗತಿಗೇ ಮುಗಿದಿತ್ತು. ಬ್ಯಾಟರಿಗೆ ಆಮ್ಲ ಎಷ್ಟು ನೀರು ಎಷ್ಟು, ಯಾವ ಬಲ್ಬು ಇನ್ನೆಷ್ಟು ದಿನ ಬಾಳುತ್ತದೆ, ಎಲ್ಲವನ್ನೂ ನೋಡಿ ನೋಡಿಯೇ ಕಲಿತಳು. ಬಲ್ಬಿನ ಗಾಜಿಗೆ ಒಳಗಿನಿಂದ ತುಸು ಕಪ್ಪು ಹಿಡಿದರೆ ಅದನ್ನು ಅಂದೇ ಬದಲಾಯಿಸುತ್ತಿದ್ದಳು. ಪ್ರತಿ ದೀಪವನ್ನೂ ಕಿಟಕಿಯಿಂದ ಹೊರಗೆ ಕೊಡುವ ಮುಂಚೆ ಅದರ ಗಾಜಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ, "ಮಾಮಿತಾ, ಇವನಿಗಿಂತ ಒಂದು ಹೆಜ್ಜೆ ಮುಂದೆ ನಡಿ," ಎನ್ನುತ್ತಿದ್ದಳು. ಗಣಿಯವರನ್ನು ಕಾಯುವ ದೇವಮಾತೆ, ಸುರಂಗದ ಮಾತೆಯನ್ನು ಅಲ್ಲಿ ಎಲ್ಲರೂ ಮಾಮಿತಾ ಎಂದೇ ಕರೆಯುವುದು.

ದೀಪಗಳು ಹೋಗುವ ಜಾಗವನ್ನು ಮಾತ್ರ ಅವಳು ಒಮ್ಮೆಯೂ ಕಂಡಿರಲಿಲ್ಲ. ಹೆಂಗಸು ಗಣಿಯೊಳಗೆ ಕಾಲಿಟ್ಟರೆ ಅದಿರು ಮುನಿಸಿಕೊಂಡು ಬೆಟ್ಟದ ಆಳಕ್ಕೆ ಸರಿದುಬಿಡುತ್ತದೆ ಎಂಬುದು ಅಜ್ಜಂದಿರ ಕಾಲದ ಮಾತು. ಒಳಗೆ ಗಣಿಯ ದೈವ ಟೀಯೊನ ರಾಜ್ಯ. ಕೊಂಬು ಮೂಡಿದ, ಬಾಯಲ್ಲಿ ಸಿಗರೇಟು ಸಿಕ್ಕಿಸಿಕೊಂಡ ಆ ಮಣ್ಣಿನ ಯಜಮಾನನಿಗೆ ಗಂಡಸರು ಶುಕ್ರವಾರ ಶುಕ್ರವಾರ ಕಾಣಿಕೆಯಾಗಿ ಕೋಕಾ ಎಲೆ ಕೊಟ್ಟು ಬರುತ್ತಿದ್ದರು. ಹೊರಗೆ ಮಾಮಿತಾಳ ರಾಜ್ಯ. ಕಾಸಿಮಿರಾ ಹೊರಗಿನವಳು.

ತವರದ ಬೆಲೆ ಬಿದ್ದು ಕಂಪನಿ ಬಾಗಿಲು ಹಾಕಿಕೊಂಡು ಹೋದ ಮೇಲೆ ಗಣಿಯನ್ನು ಕೆಲಸಗಾರರ ಸಹಕಾರ ಸಂಘವೇ ನಡೆಸುತ್ತಿತ್ತು. ಕಾಸಿಮಿರಾಳ ತಮ್ಮ ಲಿನೊ ಆರು ಜನರ ಒಂದು ತಂಡದಲ್ಲಿದ್ದ. ಅವನಿಗಿನ್ನೂ ಮದುವೆಯಾಗಿರಲಿಲ್ಲ, ಅಕ್ಕನ ಮನೆಯಲ್ಲೇ ಊಟ, ನಿದ್ದೆ. ತಂಡಕ್ಕೆ ಹಿರಿಯ ಡಾನ್ ಇಪೋಲಿತೊ ಅಂಕಾಸಿ. ಗಂಡಸಿಗೆ ಡಾನ್, ಹೆಂಗಸಿಗೆ ಡೋನಾ ಎನ್ನುವುದು ಅಲ್ಲಿ ಮರ್ಯಾದೆಯ ಮಾತು. ಈಗ ಮದುವೆಯಾಗಿ ಬೇರೆ ಊರು ಸೇರಿದ ಕಾಸಿಮಿರಾಳ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದ ಧರ್ಮತಂದೆ ಆತನೇ. ಹಾಗಾಗಿ ಅವನಿಗೆ ಅವಳು ಕೊಮಾದ್ರೆ, ಅವಳಿಗೆ ಅವನು ಕೊಂಪಾದ್ರೆ.

ಆ ತಂಡ ಕೆಲಸ ಮಾಡುತ್ತಿದ್ದ ಜಾಗಕ್ಕೆ ಇಗರ್ಜಿ, ಅಂದರೆ ಚರ್ಚು, ಎಂದು ಹೆಸರು. ಮೂರು ತಲೆಮಾರಿನವರು ಅದಿರು ತೆಗೆದು ತೆಗೆದು ಬೆಟ್ಟದೊಳಗೆ ಬಿಟ್ಟುಹೋದ ದೊಡ್ಡ ಬಯಲು ಅದು. ಅಲ್ಲಿ ಕೆಮ್ಮಿದರೆ ಕೆಮ್ಮು ಸ್ವಲ್ಪ ಹೊತ್ತಿನ ಮೇಲೆ ಮೇಲಿನಿಂದ ಹಿಂದಕ್ಕೆ ಬರುತ್ತದೆ ಎನ್ನುತ್ತಿದ್ದರು. ಆ ಮೇಲನ್ನು ಈಗ ಬದುಕಿರುವ ಯಾರೂ ಕಂಡಿರಲಿಲ್ಲ. ನೆಲದಲ್ಲಿ ಮಾತ್ರ ಒಳ್ಳೆಯ ಅದಿರು ಉಳಿದಿತ್ತು.

ಆಗಸ್ಟ್ ತಿಂಗಳ ಒಂದು ಸಂಜೆ ಲಿನೊ ಸೂಪಿನೊಳಗಿನ ಚುನ್ಯೊವನ್ನು, ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ ಆಲೂಗಡ್ಡೆಯನ್ನು, ಚಮಚದಲ್ಲಿ ಅತ್ತಿತ್ತ ತಳ್ಳುತ್ತ ಹೇಳಿದ.

"ಅಕ್ಕಾ, ಇವತ್ತು ಸೂರು ಮಾತಾಡ್ತು."

"ಏನಂತು?" ಎಂದಳು ಕಾಸಿಮಿರಾ.

"ಬಟಾಣಿಯಷ್ಟು ಒಂದು ಕಲ್ಲು. ಟಿಕ್ ಅಂತ ನನ್ನ ಹೆಲ್ಮೆಟ್ ಮೇಲೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು."

"ಕೊಂಪಾದ್ರೆಗೆ ಹೇಳಿದ್ಯಾ?"

"ಹೇಳ್ದೆ. 'ನಮ್ಮಪ್ಪನ ತಲೆ ಮೇಲೂ ಬೀಳ್ತಿತ್ತು ಕಣೋ, ಅವನು ಮುದುಕನಾಗಿ ಹಾಸಿಗೆ ಮೇಲೆ ಸತ್ತ' ಅಂದ್ರು ಅವರು."

"ಅವರಪ್ಪ ದೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಹಾಸಿಗೆ ಪಾಪ ಏನ್ ಮಾಡತ್ತೆ." ಅವಳು ಚಮಚವನ್ನು ಕೆಳಗಿಟ್ಟಳು. "ದೀಪ ಹಾಕಿ ನೋಡಿದ್ರಾ?"

"ನೋಡಿದ್ವಿ. ಬೆಳಕು ಅರ್ಧ ದಾರಿಗೇ ಸುಸ್ತಾಗತ್ತೆ, ಅಕ್ಕಾ. ಆಮೇಲೆ ಬರೀ ಕತ್ತಲೆ."

ಫರ್ಮಿನನೂ ಸಾಯುವುದಕ್ಕೆ ನಾಲ್ಕು ದಿನ ಮೊದಲು ಇದೇ ಮೇಜಿನ ಮುಂದೆ ಕೂತು ಸೂರು ಮಾತಾಡಿತು ಎಂದಿದ್ದ. ಅವಳು ಅದನ್ನು ತಮ್ಮನಿಗೆ ಹೇಳಲಿಲ್ಲ. ಅವನಿಗೂ ಅದು ನೆನಪಿದ್ದಂತಿತ್ತು, ಆಲೂಗಡ್ಡೆಯನ್ನು ಕೊನೆಗೂ ತಿನ್ನಲಿಲ್ಲ.

ಮರುದಿನದಿಂದ ಕಾಸಿಮಿರಾಳಿಗೆ ಒಂದೇ ಯೋಚನೆ. ಯಾರಾದರೂ ಆ ಸೂರನ್ನು ನೋಡಬೇಕು. ನೋಡಬೇಕೆಂದರೆ ಬೆಳಕು ಅಲ್ಲಿಗೆ ಹೋಗಬೇಕು. ದೊಡ್ಡ ಬ್ಯಾಟರಿ ಹಾಕಿ ನೋಡಿದಳು, ಕೆಟ್ಟ ಲಾರಿಯೊಂದರ ಮುಂದೀಪದ ಬಟ್ಟಲನ್ನು ತಂದು ಬಲ್ಬಿನ ಹಿಂದೆ ಇಟ್ಟು ನೋಡಿದಳು. ಬೆಳಕೇನೋ ಹೆಚ್ಚಾಯಿತು, ಹರಡುವುದೂ ಹೆಚ್ಚಾಯಿತು. ಒಂದು ಪಾತ್ರೆ ಗಂಜಿಯನ್ನು ಇಡೀ ಊರಿಗೆ ಹಂಚಿದಂತೆ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಗಡಿಯಾರ ರಿಪೇರಿಯವನ ಹತ್ತಿರ ಭೂತಕನ್ನಡಿ ಬೇಡಿ ತಂದು ಬಲ್ಬಿನ ಮುಂದೆ ಹಿಡಿದಳು. ಅದರ ಉಬ್ಬು ಚೆಂಡಿನಿಂದ ಕತ್ತರಿಸಿ ತೆಗೆದಂತೆ ಗುಂಡಗಿತ್ತು. ನಡುವಿನಿಂದ ಹಾದ ಬೆಳಕು ಒಂದು ದಾರಿ ಹಿಡಿದರೆ ಅಂಚಿನಿಂದ ಹಾದದ್ದು ಇನ್ನೊಂದು ದಾರಿ. ಗೋಡೆಯ ಮೇಲೆ ಬಿದ್ದದ್ದು ಹಾಲು ಚೆಲ್ಲಿ ಒರೆಸಿದಂಥ ಕಲೆ.

ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ ಅನ್ಸೆಲ್ಮೊ ಅವಳನ್ನು ನಿಲ್ಲಿಸಿದರು. ಮಕ್ಕಳಿಗೆ ಬೈಬಲ್ಲಿನ ಚಿತ್ರಗಳನ್ನು ಗೋಡೆಯ ಮೇಲೆ ತೋರಿಸುತ್ತಿದ್ದ ಯಂತ್ರ ಅವರ ಕೈಯಲ್ಲಿತ್ತು. ಒಳಗಿನ ಫ್ಯಾನು ನಿಂತು, ಬಿಸಿಗೆ ಯಂತ್ರದ ಮೈಯೇ ಜೋತುಬಿದ್ದಿತ್ತು.

"ಡೋನಾ ಕಾಸಿಮಿರಾ, ಸ್ವಲ್ಪ ನೋಡ್ತೀರಾ? ನನಗೇನೋ ಇದಕ್ಕೆ ಪುನರುತ್ಥಾನ ಇಲ್ಲ ಅನ್ಸತ್ತೆ."

ಅವಳು ಅದನ್ನು ದೀಪದ ಕೋಣೆಗೆ ತಂದು ಬಿಚ್ಚಿದಳು. ಪುನರುತ್ಥಾನ ನಿಜವಾಗಿಯೂ ಇರಲಿಲ್ಲ. ಆದರೆ ಬಲ್ಬಿನ ಎದುರಿಗೇ ಒಂದು ದಪ್ಪ ಗಾಜು ಕೂತಿತ್ತು. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ಉಬ್ಬು. ಆ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದಾಗ ಅವಳಿಗೆ ಏನೋ ಬೇರೆ ಎನಿಸಿತು. ಇದು ಚೆಂಡಿನ ಗುಂಡಲ್ಲ. ನಡುವೆ ಹೆಚ್ಚು ಉಬ್ಬಿ, ಅಂಚಿನ ಕಡೆಗೆ ಇಳಿಯುತ್ತ ಇಳಿಯುತ್ತ ಬಾಗುವುದನ್ನು ಕಡಿಮೆ ಮಾಡಿತ್ತು. ಅಂಚಿಗೆ ಬಂದ ಬೆಳಕನ್ನು ಅತಿಯಾಗಿ ತಿರುಚಬೇಡ ಎಂದು ಯಾರೋ ಗಾಜಿಗೆ ಬುದ್ಧಿ ಹೇಳಿ ಕಳಿಸಿದಂತೆ. ಬಲ್ಬಿನ ಕಾವಿನ ಮುಂದೆಯೇ ವರ್ಷಗಟ್ಟಲೆ ಕೂತ ಗಾಜು, ಬಿಸಿಗೆ ಸೀಳುವ ಭಯವೂ ಇರಲಿಲ್ಲ.

ಮಧ್ಯಾಹ್ನವೇ ಕಿಟಕಿ ಮುಚ್ಚಿದಳು. ಒಂದು ಟಾರ್ಚ್ ಬಲ್ಬನ್ನು ಹಿಂದಿನ ಬಟ್ಟಲು ಇಲ್ಲದೆ ಹಾಗೇ ಹೊತ್ತಿಸಿ, ಗಾಜನ್ನು ಅದರ ಮುಂದೆ ಹಿಡಿದು, ನಿಧಾನವಾಗಿ ದೂರ ಒಯ್ಯುತ್ತ ಹೋದಳು. ಗೋಡೆಯ ಮೇಲಿನ ದುಂಡು ಬೆಳಕು ಕುಗ್ಗಿತು, ಇನ್ನೂ ಕುಗ್ಗಿತು. ಎರಡು ಬೆರಳಿನ ಅಂತರ ಬಂದಾಗ ಅದು ಬೆಳಕಿನ ಕಲೆಯಾಗಿ ಉಳಿಯಲಿಲ್ಲ.

ಅದು ಬಲ್ಬಿನೊಳಗಿನ ತಂತಿ. ಕೂದಲಿಗಿಂತ ಸಣ್ಣದಾಗಿ ಸುರುಳಿ ಸುತ್ತಿದ ತಂತಿ, ಒಂದೊಂದು ಸುರುಳಿಯನ್ನೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಗೋಡೆಯ ಮೇಲೆ ಮಲಗಿತ್ತು.

ಹದಿನಾಲ್ಕು ವರ್ಷ ಅವಳು ಆ ತಂತಿಗಳನ್ನು ನೋಡಿದ್ದಳು, ತುಂಡಾದದ್ದನ್ನು, ಜೋತುಬಿದ್ದದ್ದನ್ನು. ಉರಿಯುವಾಗ ಮಾತ್ರ ನೋಡಿರಲಿಲ್ಲ. ಉರಿಯುವ ತಂತಿಯನ್ನು ಯಾವ ಕಣ್ಣು ತಡೆದೀತು. ಈಗ ಅದೇ ತಂತಿ ಕಣ್ಣಿಗೆ ನೋವಿಲ್ಲದೆ, ಹೊನ್ನಿನ ಬಣ್ಣದಲ್ಲಿ, ಸುಮ್ಮನೆ ಎದುರಿಗಿತ್ತು. ಇಷ್ಟು ದಿನ ತಾನು ಶಿಲುಬೆಯ ಗುರುತು ಹಾಕಿ ಕಳಿಸಿದ ಪ್ರತಿ ದೀಪದೊಳಗೂ ಇದು ಹೀಗೆಯೇ ಉರಿಯುತ್ತಿತ್ತಲ್ಲ ಎಂದುಕೊಂಡಳು. ಬ್ಯಾಟರಿಯ ಪೆಟ್ಟಿಗೆಯ ಮೇಲೆ ಕೂತು ತುಂಬ ಹೊತ್ತು ನೋಡಿದಳು. ಪ್ರಾರ್ಥನೆಗೆಂದು ಮಾತು ಯಾವುದೂ ಬರಲಿಲ್ಲ, ಬೇಕು ಎಂದೂ ಅನಿಸಲಿಲ್ಲ.

ಪಾದ್ರಿಗಳನ್ನು ಕೇಳಿ ಗಾಜನ್ನು ಇಟ್ಟುಕೊಂಡಳು. ಎರಡು ಕೊಳವೆ, ಒಂದರೊಳಗೊಂದು ತಿರುಗುತ್ತ ಹಿಂದೆ ಮುಂದೆ ಸರಿಯುವಂತೆ ಮಾಡಿದಳು. ಹೊರಗಿನದರ ತುದಿಗೆ ಗಾಜು, ಒಳಗಿನದರ ತುದಿಗೆ ಬಲ್ಬು. ಅಡ್ಡಾದಿಡ್ಡಿ ಹೋದ ಬೆಳಕು ಗೋಡೆಗೆ ಬಡಿದು ಕಲೆ ಎಬ್ಬಿಸಬಾರದೆಂದು ಕೊಳವೆಯ ಒಳಗೆಲ್ಲ ಮಸಿ ಬಳಿದಳು. ಬಲ್ಬು ಮೂರು ಸೆಲ್ಲಿನದು, ಅವಳು ನಾಲ್ಕು ಹಾಕಿದಳು. ಹಾಗೆ ಮಾಡಿದರೆ ತಂತಿ ಬೆಳ್ಳಗೆ ಉರಿಯುತ್ತದೆ, ಬೇಗ ಸಾಯುತ್ತದೆ. ಒಂದು ಗಂಟೆ ಬಾಳಿದರೆ ಸಾಕಿತ್ತು.

ಗುರುವಾರ ಬೆಳಿಗ್ಗೆ ಅದನ್ನು ಲಿನೊನ ಕೈಗೆ ಕೊಟ್ಟಳು. "ಇಗರ್ಜಿಯಲ್ಲಿ ಎಲ್ರೂ ದೀಪ ಆರಿಸ್ಕೊಳ್ಳಿ. ಇದನ್ನ ಮೇಲಕ್ಕೆ ಹಿಡಿದು, ಈ ಕೊಳವೆ ತಿರುಗಿಸ್ತಾ ಹೋಗು, ಬೆಳಕು ಚಿಕ್ಕದಾಗಿ ಚೂಪಾಗೋವರೆಗೆ."

ಸಾಲಿನಲ್ಲಿ ಹಿಂದೆ ನಿಂತಿದ್ದ ಎವಾರಿಸ್ತೊ ಇಣುಕಿ ನೋಡಿದ. ಅವನು ಬಾಯಿ ಮುಚ್ಚಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. "ಏನಿದು ಡೋನಾ ಕಾಸಿ, ಸೂರಿಗೆ ಚುಚ್ಚುಮದ್ದಾ?"

"ನಿನ್ನ ನಾಲಿಗೆಗೆ ಇನ್ನೊಂದು ಮಾಡ್ತೀನಿ ಇರು," ಎಂದಳು ಕಾಸಿಮಿರಾ.

ಅವಳು ಒಂದು ಮಾತು ಮರೆತಿದ್ದಳು. ಅವಳ ಗೋಡೆ ನಾಲ್ಕು ಹೆಜ್ಜೆ ದೂರದಲ್ಲಿತ್ತು, ತಂತಿ ಗೇಣುದ್ದ ಕಂಡಿತ್ತು. ಇಗರ್ಜಿಯ ಸೂರು ಅದೆಷ್ಟೋ ಮೇಲೆ ಇತ್ತು. ಅಲ್ಲಿ ಅದು ಹೇಗೆ ಕಾಣಬಹುದು ಎಂದು ಅವಳು ಯೋಚಿಸಲಿಲ್ಲ. ಬೆಳಕಿನಲ್ಲಿ ಕಾಣುವುದು ಏನು ಎಂದೂ ಯಾರಿಗೂ ಹೇಳಲಿಲ್ಲ.

ಹತ್ತು ಗಂಟೆ ಆಗಿರಲಿಲ್ಲ, ಆರೂ ಜನ ಗಣಿಯಿಂದ ಓಡಿಬಂದರು. ಬಿಲ್ಲೆ ತೆಗೆಯುವ ಎಚ್ಚರವೂ ಅವರಿಗಿರಲಿಲ್ಲ. ಎವಾರಿಸ್ತೊನ ಹೆಲ್ಮೆಟ್ ಎಲ್ಲೋ ಬಿದ್ದುಹೋಗಿತ್ತು.

"ಹಾವು," ಎಂದ ಅವನು.

ಒರುರೊ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಒಂದು ಪದದ ಮೇಲೆ ಇನ್ನೇನೂ ಹೇಳಬೇಕಿರಲಿಲ್ಲ. ಹಿಂದೊಂದು ಕಾಲದಲ್ಲಿ ಜನರನ್ನು ನುಂಗಲು ದೊಡ್ಡ ಹಾವೊಂದು ಬೆಟ್ಟ ಇಳಿದು ಬರುತ್ತಿತ್ತು, ಮಾಮಿತಾ ಅಡ್ಡ ನಿಂತು ಅದನ್ನು ಕಲ್ಲು ಮಾಡಿದಳು. ಕಲ್ಲಾದ ಹಾವು ಇನ್ನೂ ಅಲ್ಲೇ ಬಿದ್ದಿದೆ. ತೊಟ್ಟಿಲ ಮಕ್ಕಳಿಗೂ ಗೊತ್ತಿರುವ ಕಥೆ ಇದು. ಆ ಹಾವು ಈಗ ಇಗರ್ಜಿಯ ಸೂರಿನ ಮೇಲೆ ಎದ್ದಿದೆ. ಆಳುದ್ದ ಇದೆ, ಮೈಯೆಲ್ಲ ಬೆಂಕಿ, ಬಳೆ ಬಳೆಯಾಗಿ ಉಂಗುರ. ಹರಿದಾಡುತ್ತಿದೆ.

"ನಾನು ಕಣ್ಣಾರೆ ಕಂಡೆ, ಅಕ್ಕಾ," ಎಂದ ಲಿನೊ. ಕೊಳವೆ ಹಿಡಿದ ಅವನ ಕೈ ಇನ್ನೂ ನಡುಗುತ್ತಿತ್ತು. ಆ ನಡುಗುವ ಕೈ ನೋಡಿದ ಕೂಡಲೇ ಹಾವು ಏಕೆ ಹರಿದಾಡಿತೆಂದು ಕಾಸಿಮಿರಾಳಿಗೆ ಹೊಳೆಯಿತು. ನಗು ಬಂತು. ನಗು ಬಾಯಿಗೆ ಬರುವ ಮೊದಲೇ ಇನ್ನೊಂದು ಮಾತು ಹೊಳೆದು ಅದು ನಿಂತುಹೋಯಿತು.

ಏಕೆಂದರೆ ಡಾನ್ ಇಪೋಲಿತೊ ಟೊಪ್ಪಿ ಕೈಯಲ್ಲಿ ಹಿಡಿದು ಹೇಳುತ್ತಿದ್ದ. "ಇಗರ್ಜಿಗೆ ಇನ್ನು ಯಾರೂ ಕಾಲಿಡೋದು ಬೇಡ."

ಅವಳು ಬೇಡಿಕೊಂಡದ್ದೂ ಅದೇ ಅಲ್ಲವೇ. ಸುಮ್ಮನಿದ್ದರೆ ಸಾಕು, ತಮ್ಮ ಆ ಸೂರಿನ ಕೆಳಗೆ ಹೋಗುವುದಿಲ್ಲ. ಹಾವು ಅವನನ್ನು ಕಾಯುತ್ತದೆ.

ಆ ದಿನವೆಲ್ಲ ಅವಳು ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಗಂಡಸರು ಬಲಿ ಕೊಡಲು ಬಿಳಿ ಉಣ್ಣೆಯ ಲಾಮಾ ಪ್ರಾಣಿ ಎಲ್ಲಿ ಸಿಗುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಟೀಯೊಗೆ ಲಾಮಾದ ರಕ್ತ ಕೊಟ್ಟರೆ ಹಾವು ಮತ್ತೆ ಮಲಗುತ್ತದೆ, ಆಮೇಲೆ ಇಗರ್ಜಿಯಲ್ಲಿ ಕೆಲಸ ಶುರು ಮಾಡಬಹುದು ಎಂದು ತೀರ್ಮಾನವಾಗಿತ್ತು. ಕಾಸಿಮಿರಾ ಒಂದು ದೀಪದ ಮೇಲೆ ಗುರುತು ಹಾಕಲು ಹೆಬ್ಬೆರಳೆತ್ತಿದವಳು ಹಾಗೇ ನಿಂತಳು. ಲಾಮಾ ಸಾಯುತ್ತದೆ. ಇವರು ಧೈರ್ಯವಾಗಿ ಹಾಡುತ್ತ ಒಳಗೆ ಹೋಗುತ್ತಾರೆ. ಸೂರು ಇದ್ದ ಹಾಗೇ ಇರುತ್ತದೆ. ಮಾಮಿತಾಳ ಹೆಸರು ಹೇಳಿ ಕಟ್ಟಿದ ಸುಳ್ಳಿನ ಕೆಳಗೆ ತಮ್ಮನನ್ನು ಕೂರಿಸಿ ತಾನು ಸುಖವಾಗಿ ಮಲಗುವುದು ಸಾಧ್ಯವಿಲ್ಲ ಎಂದು ಅವಳಿಗೆ ಅನಿಸಿತು.

"ಕೊಂಪಾದ್ರೆ, ಸ್ವಲ್ಪ ಒಳಗೆ ಬನ್ನಿ. ಎಲ್ರೂ ಬನ್ನಿ," ಎಂದಳು.

ದೀಪದ ಕೋಣೆಯಲ್ಲಿ ಆರು ಜನ ಭುಜಕ್ಕೆ ಭುಜ ಒತ್ತಿಕೊಂಡು ನಿಂತರು. ಅವಳು ಕಿಟಕಿ ಮುಚ್ಚಿ ಕೊಳವೆಯನ್ನು ತಿರುಗಿಸಿದಳು. ಗೋಡೆಯ ಮೇಲೆ ಹಾವು ಮೂಡಿತು. ಯಾರೋ ಶಿಲುಬೆಯ ಗುರುತು ಹಾಕಿಕೊಂಡ ಸದ್ದು ಕೇಳಿಸಿತು. ಅವಳು ಬಲ್ಬನ್ನು ಅದರ ಗೂಡಿನಲ್ಲಿ ಮೆಲ್ಲಗೆ ತಿರುಗಿಸಿದಳು, ಅಡ್ಡ ಮಲಗಿದ್ದ ಹಾವು ಎದ್ದು ನಿಂತಿತು. ಬಲ್ಬನ್ನು ಕಿತ್ತು ಇನ್ನೊಂದನ್ನು ಹಾಕಿದಳು, ತುಸು ಬೇರೆ ಹಾವು ಬಂತು. ತಂತಿ ಕಡಿದ ಬಲ್ಬು ಹಾಕಿದಳು, ಕತ್ತಲೆ.

ಭಯ ಹೋದ ಮೇಲೂ ಅವರು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. ಡಾನ್ ಇಪೋಲಿತೊ ಹತ್ತಿರ ಹೋಗಿ ಹೊನ್ನಿನ ಸುರುಳಿಯ ಮೇಲೆ ಅಂಗೈ ಇಟ್ಟ. ಸುರುಳಿ ಅವನ ಕೈಮೇಲೆ ಹತ್ತಿ ಕೂತಿತು.

"ಇಷ್ಟು ವರ್ಷ ಇದನ್ನ ಹಣೆ ಮೇಲೆ ಹೊತ್ಕೊಂಡು ತಿರುಗ್ತಿದ್ವಾ ನಾವು," ಎಂದ ಅವನು ಮೆಲ್ಲಗೆ.

"ಎವಾರಿಸ್ತೊ ಹೆಲ್ಮೆಟ್ ಬಿಟ್ಟು ಓಡಿದ್ದು ಈ ತಂತಿಗೆ," ಎಂದ ಇನ್ನೊಬ್ಬ.

"ನಿಮಗೆಲ್ಲ ದಾರಿ ತೋರ್ಸೋಕೆ ಮುಂದೆ ಓಡಿದೆ ಕಣ್ರೋ," ಎಂದ ಎವಾರಿಸ್ತೊ. ಕೋಣೆ ತುಂಬ ನಗು.

ನಗು ಇಳಿದ ಮೇಲೆ ಡಾನ್ ಇಪೋಲಿತೊ ಟೊಪ್ಪಿ ಹಾಕಿಕೊಂಡ. "ಸರಿ ಹಾಗಾದ್ರೆ. ಹಾವಿಲ್ಲ. ಸೋಮವಾರದಿಂದ ಕೆಲಸ."

"ಸೂರು ನೋಡದೇನೆ?" ಎಂದಳು ಕಾಸಿಮಿರಾ.

"ನೋಡಿದ್ದಾಯ್ತಲ್ಲ ಕೊಮಾದ್ರೆ."

"ನೀವು ನೋಡಿದ್ದು ಹಾವನ್ನ. ಸೂರನ್ನ ಯಾರು ನೋಡಿದ್ರು? ಹಾವಿಲ್ಲ ಅಂದ್ರೆ ಬಿರುಕಿಲ್ಲ ಅಂತ ಆಗಲ್ಲ." ಅವಳು ಕೊಳವೆಯನ್ನು ಎದೆಗೆ ಹಿಡಿದುಕೊಂಡಳು. "ಇದನ್ನ ಹದವಾಗಿ ಹಿಡಿಯೋಕೆ ನನ್ನ ಕೈಗೆ ಬರತ್ತೆ. ಲಿನೊ ಕೈ ಇನ್ನೂ ನಡುಗ್ತಿದೆ. ನಾನು ಬರ್ತೀನಿ ಒಳಗೆ."

ಡಾನ್ ಇಪೋಲಿತೊ ಹಾಕಿಕೊಂಡ ಟೊಪ್ಪಿಯನ್ನು ಮತ್ತೆ ತೆಗೆದ.

"ಹೆಂಗಸು ಒಳಗೆ ಬಂದ್ರೆ ಅದಿರು ಮುಖ ತಿರುಗಿಸತ್ತೆ. ನಾನು ಹೇಳ್ತಿರೋದಲ್ಲ, ದೊಡ್ಡವರು ಹೇಳಿದ್ದು," ಎಂದ ಡಾನ್ ಇಪೋಲಿತೊ.

"ಸೂರಿಗೆ ಗಂಡಸರ ಮೇಲೆ ತುಂಬ ಪ್ರೀತಿ ಇದ್ದಿದ್ರೆ ಫರ್ಮಿನ್ ಮೇಲೆ ಯಾಕೆ ಬೀಳ್ತಿತ್ತು, ಕೊಂಪಾದ್ರೆ?"

ಅವಳು ದನಿ ಎತ್ತಿರಲಿಲ್ಲ. ಡಾನ್ ಇಪೋಲಿತೊ ಗೋಡೆಯ ಮೊಳೆಗಳ ಕಡೆ ನೋಡಿದ. ಅಂದು ಫರ್ಮಿನನನ್ನು ಹೊರಗೆ ಹೊತ್ತು ತಂದವರಲ್ಲಿ ಅವನೂ ಒಬ್ಬ. "ಭಾನುವಾರ," ಎಂದ ಕೊನೆಗೆ. "ಆವತ್ತು ಯಾರೂ ಕೆಲಸ ಮಾಡಲ್ಲ, ಅದಿರೂ ಮಲಗಿರತ್ತೆ. ಟೀಯೊಗೆ ನಾನು ಹೇಳ್ಕೋತೀನಿ."

ಭಾನುವಾರ ಪೂಜೆ ಮುಗಿಸಿ ಅವಳು ಫರ್ಮಿನನ ಹೆಲ್ಮೆಟ್ ಹಾಕಿಕೊಂಡಳು. ಅವಳ ಹೆಸರಿನ ಬಿಲ್ಲೆ ಇರಲಿಲ್ಲ. ಒಳಗೆ ಹೋಗುವವರು ಬಿಲ್ಲೆ ಹಾಕದೆ ಹೋಗಬಾರದು. ಮಾತೆಯ ಚಿತ್ರದ ಹಿಂದಿನಿಂದ ಹಳೆಯ ಬಿಲ್ಲೆ ತೆಗೆದು, ಹದಿನಾಲ್ಕು ವರ್ಷದಿಂದ ಬರಿದಾಗಿದ್ದ ಅವನ ಮೊಳೆಗೇ ಸಿಕ್ಕಿಸಿದಳು.

ದಾರಿ ಅವಳು ಊಹಿಸಿದ್ದಕ್ಕಿಂತ ಉದ್ದವಿತ್ತು, ಬೆಚ್ಚಗಿತ್ತು. ಟೀಯೊನ ಮುಂದೆ ಡಾನ್ ಇಪೋಲಿತೊ ಕೋಕಾ ಎಲೆ ಉದುರಿಸಿ ಏನೋ ಗೊಣಗಿದ. ಕಾಸಿಮಿರಾ ಆ ಮಣ್ಣಿನ ಮುಖಕ್ಕೆ ತಲೆ ಬಾಗಿಸಿದಳು. ಬೇರೆಯವರ ಮನೆ, ಮರ್ಯಾದೆ ಬಿಡಬಾರದು. ಆಮೇಲೆ ಗೋಡೆಗಳು ಅಗಲವಾಗುತ್ತ ಹೋಗಿ ಒಂದು ಕಡೆ ಇಲ್ಲವೇ ಆದವು. ಗಾಳಿ ಬೇರೆಯಾಯಿತು. ಅವಳ ಹೆಜ್ಜೆಯ ಸದ್ದು ಹೋಗಿ ಎಷ್ಟೋ ಹೊತ್ತಿಗೆ ಹಿಂದಕ್ಕೆ ಬಂತು.

"ಇದೇ," ಎಂದ ಲಿನೊ.

ಸೂರು ಮಾತಾಡಿದ್ದ ಜಾಗದ ಕೆಳಗೆ ಹೋಗದೆ ಅವರು ಇತ್ತಲಿನ ಗೋಡೆಯ ಬಳಿಯೇ ನಿಂತರು. ಒಬ್ಬೊಬ್ಬರೂ ದೀಪ ಆರಿಸಿದರು. ಕೊನೆಯದಾಗಿ ಅವಳು. ಅಂಥ ಕತ್ತಲೆಯನ್ನು ಅವಳು ಎಂದೂ ಕಂಡಿರಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ದೇವರು ಬೆಳಕಾಗಲಿ ಎಂದು ಹೇಳುವ ಮುಂಚಿನ ಕತ್ತಲೆ ಇದೇ ಇರಬೇಕು ಎನಿಸಿತು. ಅವಳು ಗಾಜಿನ ಮೇಲೆ ಹೆಬ್ಬೆರಳಿನಿಂದ ಗುರುತು ಹಾಕಿ ಬಲ್ಬನ್ನು ಹೊತ್ತಿಸಿದಳು.

ಮೊದಲು ದೂರದಲ್ಲಿ ಬೂದಿಯಂಥ ಒಂದು ದುಂಡು. ಕೊಳವೆ ತಿರುಗಿಸಿದಳು. ದುಂಡು ಕುಗ್ಗಿ ಬಿಗಿಯಾಗಿ ಹಾವಾಯಿತು. ಅದು ಮಲಗಿದಲ್ಲೆಲ್ಲ ಸೂರು ಕಂಡಿತು.

ಅಷ್ಟು ಎತ್ತರದಲ್ಲಿ, ಅಜ್ಜಂದಿರು ಬಿಟ್ಟುಹೋದ ಮರದ ತೊಲೆಗಳು ಹಾಗೇ ಇದ್ದವು. ಮಸಿಯಲ್ಲಿ ಬರೆದ ಒಂದು ಶಿಲುಬೆ ಇತ್ತು, ಯಾರ ಕೈಯದೋ. ಬೆಳಕು ಸರಿದಂತೆ ಒಂದು ಕಡೆ ಸೂರಿನ ತುಂಬ ಹರಳುಗಳು, ಉಪ್ಪಿನ ಕಾಳಿನಂಥವು, ಹಾವು ಮೈಮೇಲೆ ಹರಿದಾಗ ಒಂದೊಂದೂ ಕಣ್ಣು ತೆರೆದು ಮುಚ್ಚಿತು. ಕಂಡವರಿಲ್ಲದೆ, ಹೊಗಳುವವರಿಲ್ಲದೆ, ಇಷ್ಟು ಕಾಲ ಇದು ಇಲ್ಲಿ ಹೀಗೇ ಇತ್ತು. ಕಾಸಿಮಿರಾಳ ಕಣ್ಣಿನಿಂದ ನೀರು ಇಳಿಯಿತು. ಕೈ ಅಲುಗದಿರಲೆಂದು ಅದನ್ನು ಒರೆಸಿಕೊಳ್ಳಲಿಲ್ಲ.

"ನಿಜವಾಗ್ಲೂ ಇಗರ್ಜಿನೇ," ಎಂದ ಎವಾರಿಸ್ತೊ ಕತ್ತಲೆಯಲ್ಲಿ. ಅವನು ತಮಾಷೆ ಮಾಡಲಿಲ್ಲ.

ಅವಳು ಬೆಳಕನ್ನು ತಂಡ ಕೆಲಸ ಮಾಡುವ ಜಾಗದ ನೆತ್ತಿಗೆ ತಂದಳು. ಅಡ್ಡಲಾಗಿ ಹರಿಸಿದಳು. "ನನಗೇನೂ ಕಾಣ್ತಿಲ್ಲ. ತಂತಿ ನೆಟ್ಟಗಿದೆ," ಎಂದಳು.

"ನೆಟ್ಟಗೆಲ್ಲಿದೆ? ಮುರಿದಿದೆಯಲ್ಲ," ಎಂದ ಲಿನೊ. ಅವನು ಗೋಡೆಯುದ್ದಕ್ಕೂ ನಡೆದು ತುಂಬ ದೂರದಲ್ಲಿ ನಿಂತಿದ್ದ.

"ಎಲ್ಲಿ ಮುರಿದಿದೆಯೋ? ನೆಟ್ಟಗೇ ಇದೆ."

"ಅಕ್ಕಾ, ನಡುವೆ ತುಂಡಾಗಿದೆ. ಆ ಕಡೆ ಅರ್ಧ ಪಕ್ಕಕ್ಕೆ ಸರಿದಿದೆ. ನಿನ್ನ ಕಣ್ಣಿಗೇನಾಯ್ತು?"

"ನಿನ್ನ ಕಣ್ಣೇ ನಡುಗ್ತಿರಬೇಕು."

ಅಕ್ಕ ತಮ್ಮ ಹಾಗೆ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಜಗಳವಾಡಿದರು. ಕೊನೆಗೆ ಕಾಸಿಮಿರಾ ಕೊಳವೆಯನ್ನು ಡಾನ್ ಇಪೋಲಿತೊನ ಕೈಗೆ ಕೊಟ್ಟು, ಹದವಾದ ಎತ್ತರಕ್ಕೆ ಅವನ ಮೊಣಕೈಯನ್ನು ಗೋಡೆಗೆ ಆನಿಸಿ, ತಡವರಿಸುತ್ತ ತಮ್ಮನಿದ್ದಲ್ಲಿಗೆ ನಡೆದಳು. ತಲೆ ಎತ್ತಿದಳು.

ಹಾವು ಮುರಿದಿತ್ತು. ತುದಿಗಳಲ್ಲಿ ಸೂರಿನ ಏರಿಳಿತಕ್ಕೆ ಅದು ಬಾಗಿತ್ತು, ಬಳುಕಿತ್ತು. ನಡುವೆ ಮಾತ್ರ ಚಾಕುವಿನಿಂದ ಕತ್ತರಿಸಿದಂತೆ ತುಂಡಾಗಿ, ಒಂದು ತುಂಡು ಇನ್ನೊಂದಕ್ಕಿಂತ ಕಾಲು ಮೈಯಷ್ಟು ಪಕ್ಕಕ್ಕೆ ಕೂತಿತ್ತು. ಆ ಭಾಗದ ಸೂರು ಉಳಿದದ್ದರಿಂದ ಬಿಟ್ಟು ಕೆಳಗೆ ಇಳಿದಿದೆ. ದೀಪ ಹಿಡಿದವರಿಗೆ ಮಾತ್ರ ಅದು ಕಾಣುವುದಿಲ್ಲ. ಬೆಳಕು ಹೋಗುವ ದಾರಿಯಲ್ಲೇ ಅವರ ನೋಟವೂ ಹೋಗುತ್ತದೆ, ಹಾಗಾಗಿ ಅವರಿಗೆ ಹಾವು ಯಾವಾಗಲೂ ಇಡಿಯಾಗಿಯೇ ಕಾಣುತ್ತದೆ. ಪಕ್ಕಕ್ಕೆ ಹೋಗಿ ನಿಂತವರಿಗೆ ಮಾತ್ರ ಬಿರುಕು.

"ಕೊಂಪಾದ್ರೆ, ಈಗ ನೀವು ಬನ್ನಿ ಇಲ್ಲಿಗೆ," ಎಂದಳು.

ಡಾನ್ ಇಪೋಲಿತೊ ಕೊಳವೆಯನ್ನು ಎವಾರಿಸ್ತೊನ ಕೈಗೆ ದಾಟಿಸಿ ಬಂದು, ತಲೆ ಹಿಂದಕ್ಕೆ ಬಾಗಿಸಿ ನೋಡುತ್ತ ನಿಂತ. ಬೆಳಕು ಬಿರುಕಿನ ಗುಂಟ ನಡೆದು ಸುತ್ತು ಹಾಕಿ ಬಂತು. ಒಂದು ಮನೆಯಷ್ಟು ದೊಡ್ಡ ಬಂಡೆ, ಮೂರು ಕಡೆ ಬಿಟ್ಟುಕೊಂಡು, ನಾಲ್ಕನೆಯ ಕಡೆಯಲ್ಲಿ ಮಾತ್ರ ಹಿಡಿದುಕೊಂಡಿತ್ತು. ಬೆಳಕು ನೆಲಕ್ಕೆ ಇಳಿದಾಗ ಅದರ ನೇರ ಕೆಳಗೆ, ಗುರುವಾರ ಬಿಟ್ಟು ಓಡಿದ ಆರು ಗುದ್ದಲಿಗಳು ಸಾಲಾಗಿ ಒರಗಿದ್ದವು. ಅಷ್ಟರಲ್ಲಿ ಬಲ್ಬು ಒಮ್ಮೆ ನೀಲಿಯಾಗಿ ಮಿನುಗಿ ಸತ್ತುಹೋಯಿತು.

ಕತ್ತಲೆಯಲ್ಲಿ ಡಾನ್ ಇಪೋಲಿತೊನ ದನಿ ಬಂತು. "ಗುದ್ದಲಿ ಅಲ್ಲೇ ಇರಲಿ. ಯಾರೂ ತರೋಕೆ ಹೋಗ್ಬೇಡಿ."

ತಂಡ ಇಗರ್ಜಿಯನ್ನು ಬಿಟ್ಟಿತು. ಕೆಳಗಿನ ಇಕ್ಕಟ್ಟಾದ ಸುರಂಗದಲ್ಲಿ, ಬಡ ಅದಿರಿನಲ್ಲಿ ಮೊಣಕಾಲೂರಿ ಕೆಲಸ ಮಾಡತೊಡಗಿತು. ಒಂದು ವಾರ ಆಯಿತು, ಮೂರು ವಾರ ಆಯಿತು, ಏನೂ ಬೀಳಲಿಲ್ಲ. ಕಿಟಕಿಯ ಹತ್ತಿರ ಬೇರೆ ತಂಡದವರ ಮಾತು ಶುರುವಾಯಿತು.

"ಏನ್ ಡೋನಾ ಕಾಸಿ, ನಿಮ್ಮ ಹಾವಿಗೆ ಇನ್ನೂ ನಿದ್ದೆನಾ?"

"ಹೆಂಗಸು ಕಾಲಿಟ್ಟ ಮೇಲೆ ಒಳ್ಳೆ ಅದಿರು ಹೋಯ್ತು ನೋಡಿ. ದೊಡ್ಡವರು ಸುಮ್ನೆ ಹೇಳಿರಲ್ಲ."

ಕಾಸಿಮಿರಾ ದೀಪ ಕೊಡುತ್ತಿದ್ದಳು, ಬಿಲ್ಲೆ ನೋಡುತ್ತಿದ್ದಳು. ತಾನೇ ತಪ್ಪಿದ್ದರೆ ಎಂಬ ಅನುಮಾನ ಅವಳಿಗೂ ಬಾರದಿರಲಿಲ್ಲ. ಲಿನೊ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಮನೆಗೆ ಬಂದಾಗ ಅದು ಇನ್ನೂ ಹೆಚ್ಚುತ್ತಿತ್ತು. ಪ್ರತಿ ಭಾನುವಾರ ಅವಳು ಹಳೆಯ ಬಿಲ್ಲೆ ಹಾಕಿ, ತಮ್ಮನನ್ನೂ ಡಾನ್ ಇಪೋಲಿತೊನನ್ನೂ ಕರೆದು ಒಳಗೆ ಹೋಗುತ್ತಿದ್ದಳು. ಒಬ್ಬರು ಬೆಳಕು ಹಿಡಿಯುವುದು, ಇಬ್ಬರು ದೂರ ನಿಂತು ನೋಡುವುದು. ಕಾಲು ಮೈಯಷ್ಟು ಸರಿದಿದ್ದ ಹಾವು ಎರಡನೇ ವಾರಕ್ಕೆ ಹಾಗೇ ಇತ್ತು. ಮೂರನೇ ವಾರಕ್ಕೂ ಹಾಗೇ. ನಾಲ್ಕನೇ ಭಾನುವಾರ ಅರ್ಧ ಮೈ ಸರಿದಿತ್ತು.

ಬುಧವಾರ ಹಗಲು ಹನ್ನೊಂದರ ಹೊತ್ತು. ಕಾಸಿಮಿರಾ ಬ್ಯಾಟರಿಗಳಿಗೆ ನೀರು ಹಾಕುತ್ತಿದ್ದಳು. ಕಾಲ ಕೆಳಗಿನ ನೆಲ ಒಮ್ಮೆ ಕುಸಿದು ಎದ್ದಂತಾಯಿತು. ಆಮೇಲೆ ಗಣಿಯ ಬಾಯಿಯಿಂದ ಗಾಳಿ ಬಂತು, ಬೆಟ್ಟವೇ ಹಿಡಿದಿಟ್ಟ ಉಸಿರನ್ನು ಬಿಟ್ಟಂತೆ. ಕಿಟಕಿಯ ಬಾಗಿಲು ಬಡಿಯಿತು, ಬಿಲ್ಲೆಗಳೆಲ್ಲ ಮೊಳೆಗಳ ಮೇಲೆ ಒಟ್ಟಿಗೆ ಕಿಣಿಕಿಣಿಸಿದವು. ಅವಳು ಲಿನೊನ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಗಣಿಯ ಬಾಯಿಯ ಕಡೆ ನೋಡುತ್ತ ಹಾಗೇ ನಿಂತಳು.

ದೂಳಿನೊಳಗಿಂದ ಮೊದಲು ಕಂಡದ್ದು ದೀಪಗಳು. ಒಂದು, ಎರಡು, ಆಮೇಲೆ ಗುಂಪಾಗಿ. ಒಂದೊಂದೇ ಬಿಲ್ಲೆ ಮೊಳೆಯಿಂದ ಇಳಿಯಿತು. ಕೊನೆಗೆ ಕೆಳಗಿನ ಸುರಂಗದಿಂದ ಆರು ಜನ ಹಿಟ್ಟಿನಲ್ಲಿ ಹೊರಳಿದವರಂತೆ ಬೆಳ್ಳಗಾಗಿ ಬಂದರು. ಲಿನೊ ಕಿಟಕಿಯ ಹತ್ತಿರ ಬಂದು ಕೈ ಚಾಚಿದ. ಅವಳು ಮುಷ್ಟಿ ಬಿಚ್ಚಿ ಬಿಲ್ಲೆ ಕೊಟ್ಟಳು. ಅದರ ಅಂಚು ಅವಳ ಅಂಗೈಯಲ್ಲಿ ಗುರುತು ಮೂಡಿಸಿತ್ತು.

"ಆರು ಗುದ್ದಲಿ ಹೋಯ್ತು," ಎಂದ ಎವಾರಿಸ್ತೊ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಮೊಳೆಗಳು ಎಲ್ಲವೂ ಬರಿದಾಗಿದ್ದವು. ನಡುಹಗಲಿಗೇ ಬರಿದಾದ ಆ ಗೋಡೆಯನ್ನು ನೋಡುತ್ತ ಕಾಸಿಮಿರಾ ಮೊಣಕಾಲೂರಿದಳು.

ಶನಿವಾರ ಡಾನ್ ಇಪೋಲಿತೊ ಕಿಟಕಿಗೆ ಬಂದ. ಒಂದು ಹಿಡಿ ಕೋಕಾ ಎಲೆಯನ್ನು ಹಲಗೆಯ ಮೇಲೆ ಇಟ್ಟು, ಜೇಬಿನಿಂದ ಹೊಸ ತಗಡಿನ ಬಿಲ್ಲೆಯೊಂದನ್ನು ತೆಗೆದು ಅದರ ಪಕ್ಕ ಇಟ್ಟ. ಮೊಳೆಯಿಂದ ಚುಚ್ಚಿ ಚುಚ್ಚಿ ಅವಳ ಹೆಸರು ಬರೆದಿದ್ದ. ಅಕ್ಷರಗಳು ಓರೆಯಾಗಿದ್ದವು.

"ನಾಳೆ ಬಿಡುವಿದೆಯಾ, ಕೊಮಾದ್ರೆ?" ಎಂದು ಕೇಳಿದ, ನೆಲ ನೋಡುತ್ತ. "ಇಗರ್ಜಿಯಲ್ಲಿ ಈಗ ಹೊಸ ಸೂರು ಇದೆ. ಯಾರೂ ಇನ್ನೂ ನೋಡಿಲ್ಲ."

"ಪೂಜೆ ಮುಗಿಸ್ಕೊಂಡು ಬರ್ತೀನಿ," ಎಂದಳು ಕಾಸಿಮಿರಾ.

ಅವನು ಹೋದ ಮೇಲೆ ಸುತ್ತಿಗೆ ತಂದು ನಲವತ್ತನಾಲ್ಕನೆಯ ಮೊಳೆ ಹೊಡೆದಳು. ಆಮೇಲೆ ಒಂದು ಹೊಸ ಬಲ್ಬನ್ನು ಬಟ್ಟೆಯಲ್ಲಿ ಒರೆಸಿ, ಹಗಲಿನ ಬೆಳಕಿಗೆ ಎತ್ತಿ ಹಿಡಿದು, ಒಳಗಿನ ತಂತಿಯನ್ನು ನೋಡಿದಳು.